ಎರಡು ಸಲ ಬರೆದ ಕೂಸು

ಕೃಷ್ಣೆಯ ದಂಡೆಯಲ್ಲಿ ಒಬ್ಬ ಗುರುಗಳಿದ್ದರು. ಗಡ್ಡ ಇರಲಿಲ್ಲ, ಹೆಂಗಸು. ಹೆಸರು ಕಾತ್ಯಾಯಿನಿ. ಕರೆಯುವವರಿಗೆಲ್ಲ ಅಕ್ಕೋರು.

ಯಾವ ಊರಿಗೆ ಯಾವ ರೋಗ ಯಾಕೆ ಬಂತು, ಯಾರು ಉಳಿದರು, ಯಾರು ಉಳಿಯಲಿಲ್ಲ ಎಂದು ಲೆಕ್ಕ ಹಿಡಿಯುವ ವಿದ್ಯೆಯನ್ನು ಮೂವತ್ತು ವರ್ಷ ವೈದ್ಯಕೀಯ ಕಾಲೇಜಿನಲ್ಲಿ ಕಲಿಸಿದವರು. ನಿವೃತ್ತರಾದ ಮೇಲೆ ಹೊಳೆಯ ಪಕ್ಕ ಎರಡು ಕೋಣೆ ಕಟ್ಟಿಸಿಕೊಂಡು, ಹುಡುಕಿಕೊಂಡು ಬಂದವರಿಗೆ ಅದನ್ನೇ ಕಲಿಸುತ್ತಿದ್ದರು.

ಅವರದೊಂದು ಪದ್ಧತಿ. ಶಿಷ್ಯನ ಪ್ರಬಂಧ ಹೊರಗೆ ಹೋಗುವ ಮೊದಲು ಅವನು ಹೊಳೆಯ ಮೆಟ್ಟಿಲ ಮೇಲೆ ಕೂತು ಅದರ ಕೋಷ್ಟಕಗಳನ್ನೆಲ್ಲ ಗಟ್ಟಿಯಾಗಿ ಓದಬೇಕು. ಅಕ್ಕೋರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಿದ್ದೆ ಹೋದರೆಂದು ನಂಬಿ ಸಾಲು ಹಾರಿಸಿದವರು ಕೆಟ್ಟಿದ್ದರು.

ಆ ಸಲ ಓದುವ ಸರದಿ ಅಮರೇಶನದು. ಡಾಕ್ಟರ್, ಅದರ ಮೇಲೆ ಕಂಪ್ಯೂಟರ್ ವಿದ್ಯೆಯನ್ನೂ ಕಲಿತವನು. ಮೂರು ತಾಲ್ಲೂಕುಗಳಲ್ಲಿ ಹತ್ತು ವರ್ಷದಲ್ಲಿ ಹುಟ್ಟಿ ಒಂದು ತಿಂಗಳು ತುಂಬುವ ಮೊದಲೇ ತೀರಿಹೋದ ಕೂಸುಗಳ ಪಟ್ಟಿ ಅವನ ಕೆಲಸ. ಆಶಾ ಕಾರ್ಯಕರ್ತೆಯರ ಪುಸ್ತಕಗಳನ್ನೂ ಆಸ್ಪತ್ರೆಗಳ ದಾಖಲೆಯನ್ನೂ ಕೂಡಿಸಿ ಒಂದು ಮಾಡುವ ಪ್ರೋಗ್ರಾಮನ್ನು ತಾನೇ ಬರೆದಿದ್ದ.

ಇನ್ನು ಒಂಬತ್ತು ದಿನಕ್ಕೆ ಪ್ರಾಧ್ಯಾಪಕ ಹುದ್ದೆಯ ಸಂದರ್ಶನವಿತ್ತು. ಪ್ರಬಂಧ ಅಷ್ಟರೊಳಗೆ ಸಂಶೋಧನಾ ಪತ್ರಿಕೆಗೆ ಹೋಗಿರಬೇಕು. ಹೋಗದಿದ್ದರೆ ಒಳಗೆ ಕರೆಯುವುದೂ ಇಲ್ಲ. ಹನ್ನೆರಡು ವರ್ಷ ಗುತ್ತಿಗೆಯ ಮೇಲೆ ದುಡಿದವನಿಗೆ ಇದು ಮೂರನೆಯ ಸಂದರ್ಶನ. ನಾಲ್ಕನೆಯದಕ್ಕೆ ವಯಸ್ಸು ಮೀರುತ್ತಿತ್ತು.

ಅವನು ಓದಿದ. ಒಟ್ಟು ಸಾವು ಮೂರು ಸಾವಿರದ ನೂರಾ ಹನ್ನೆರಡು. ಎರಡು ಸಲ ದಾಖಲಾಗಿದ್ದ ಎಂಬತ್ತೇಳು ಸಾಲುಗಳನ್ನು ತೆಗೆದುಹಾಕಲಾಗಿದೆ.

"ತೆಗೆದದ್ರಾಗ ಒಂದು ಓದು," ಎಂದರು ಅಕ್ಕೋರು.

"ದುರುಗವ್ವನ ಕೂಸು. ಹೆಣ್ಣು. ಹುಟ್ಟಿದ ಮರುದಿನ. ಇದು ಆಶಾ ಪುಸ್ತಕದ್ದು. ಆಸ್ಪತ್ರಿ ದಾಖಲ್ಯಾಗೂ ಅದ ಐತ್ರಿ. ದುರುಗವ್ವನ ಕೂಸು. ಹೆಣ್ಣು. ಹುಟ್ಟಿದ ಮರುದಿನ."

ಆ ಕಡೆ ತೊಟ್ಟಿಲಿಗೆ ಹಾಕುವ ತನಕ ಕೂಸಿಗೆ ಹೆಸರಿಲ್ಲ. ಅಲ್ಲಿಯವರೆಗೆ ಅದು ಅವ್ವನ ಹೆಸರಿನಲ್ಲಿರುತ್ತದೆ. ಅಷ್ಟು ದಿನ ಇರದವು ಅವ್ವನ ಹೆಸರಿನಲ್ಲೇ ಹೋಗುತ್ತವೆ.

ಯಾರಾದರೂ ಹೋಗಿ ಕೇಳಿದ್ದುಂಟೋ ಎಂದು ಅಕ್ಕೋರು ವಿಚಾರಿಸಿದರು. ಕೇಳುವ ಅಗತ್ಯವಿಲ್ಲ, ಪ್ರೋಗ್ರಾಮನ್ನು ಒರೆಗೆ ಹಚ್ಚಿ ನೋಡಿದ್ದೇನೆ, ನೂರಕ್ಕೆ ತೊಂಬತ್ತೆಂಟು ಸರಿ ಹೇಳುತ್ತದೆ ಎಂದ ಅಮರೇಶ.

"ನಿನ್ನ ಕಂಪ್ಯೂಟರ್ ಯಾವ ಬಾಣಂತಿ ಮನಿ ನೋಡಿ ಬಂದೈತಪ್ಪ?"

ಒಂದು ಸಾಲಿನಿಂದ ಶೇಕಡಾವಾರು ಅಲುಗುವುದೂ ಇಲ್ಲವೆಂದು ಅವನು ವಿವರಿಸಿದ. ಅಕ್ಕೋರು ಒಳಗೆ ಹೋಗಿ ಕೊಡೆ ತಂದು ಅವನ ಕೈಗಿಟ್ಟರು. ಮಳೆಯ ಸುಳಿವೇ ಇರಲಿಲ್ಲ, ಬಿಸಿಲು.

ದುರುಗವ್ವನ ಊರಿಗೆ ಒಂದು ಬಸ್ಸು, ಒಂದು ಟಂಟಂ, ಆಮೇಲೆ ಎರಡು ಮೈಲಿ ನಡಿಗೆ. ದಾರಿಯುದ್ದಕ್ಕೂ ಅಮರೇಶ ಮನಸ್ಸಿನಲ್ಲೇ ಅಕ್ಕೋರ ಜೊತೆ ಜಗಳವಾಡಿದ. ಪ್ರತಿ ಸಲವೂ ಅವನೇ ಗೆದ್ದ.

ದುರುಗವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ರೇಷನ್ ಕಾರ್ಡಿನವನೆಂದುಕೊಂಡು ನೀರು ಕೊಟ್ಟಳು. ಆರು ವರ್ಷದ ಹಿಂದೆ ಹೋದ ಕೂಸಿನ ವಿಷಯ ಕೇಳಲು ಬಂದೆನೆಂದು, ಸಾಧ್ಯವಾದಷ್ಟು ಮೆತ್ತಗೆ ಹೇಳಿದ.

ಅವಳ ಕೈ ನಿಲ್ಲಲಿಲ್ಲ.

"ಯಾವ್ದು ಕೇಳ್ತೀಯಪ್ಪ? ಮನ್ಯಾಗ ಹೋದದ್ದೋ, ದವಾಖಾನಿಯಾಗ ಹೋದದ್ದೋ?"

ಅಮರೇಶ ಕೊಡೆಯನ್ನು ಕೆಳಗಿಟ್ಟು ಕೂತ.

ಅವಳಿಗಳು. ಒಂದು ಮರುದಿನ ನಸುಕಿನಲ್ಲೇ ಉಸಿರು ನಿಲ್ಲಿಸಿತು. ಅದನ್ನು ಅತ್ತೆಯ ಮಡಿಲಿಗೆ ಹಾಕಿ, ಇನ್ನೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಜೀಪು ಹತ್ತಿದ್ದಳು. ಮಧ್ಯಾಹ್ನಕ್ಕೆ ಅದೂ ಇಲ್ಲ. ಮನೆಯಲ್ಲಿ ಹೋದದ್ದೇ ಮೊದಲು ಹುಟ್ಟಿದ್ದು, ಅದಕ್ಕೆ ಕೂದಲು ಬಹಳ ಇತ್ತು ಎಂದಳು. ದಾರಿ ಕೇಳಿದವರಿಗೆ ದಾರಿ ಹೇಳುವಂತೆ ಇದನ್ನೆಲ್ಲ ಹೇಳಿದಳು.

ಹೊರಟು ನಿಂತವನನ್ನು ಅವಳೇ ಒಂದು ಮಾತು ಕೇಳಿದಳು.

"ಎರಡೂ ಬರಕೊಂಡಾರಲ್ಲ? ಊರಾಗ ಮಂದಿ ಒಂದ ಅಂತಾರ."

"ಎರಡೂ ಅದಾವ, ಯವ್ವಾ," ಎಂದ ಅಮರೇಶ.

ಅವನು ಹಾಗೆ ಹೇಳಿದ ಗಳಿಗೆಯಲ್ಲಿ ಪಟ್ಟಿಯಲ್ಲಿ ಇದ್ದದ್ದು ಒಂದೇ. ಎರಡನೆಯದನ್ನು ಅವನು ತಿರುಗಿ ಬರುವ ಬಸ್ಸಿನಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸೇರಿಸಿದ. ಮೂರು ಸಾವಿರದ ನೂರಾ ಹದಿಮೂರು.

ಸಂಜೆ ಹೊಳೆಯ ಮೆಟ್ಟಿಲ ಮೇಲೆ ನಡೆದದ್ದನ್ನು ಒಪ್ಪಿಸಿದ. ತೆಗೆದುಹಾಕಿದ ಉಳಿದ ಸಾಲುಗಳಲ್ಲಿ ಎಷ್ಟು ಅವಳಿಗಳಿರಬಹುದೆಂದು ಅಂದಾಜು ಕಟ್ಟುವ ವಿಧಾನವಿದೆ, ಪ್ರಬಂಧದ ಕೊನೆಗೆ ಈ ಕೊರತೆಯನ್ನು ಒಪ್ಪಿಕೊಂಡು ಒಂದು ಪ್ಯಾರಾ ಬರೆಯುತ್ತೇನೆ, ಎಲ್ಲರೂ ಹಾಗೇ ಮಾಡುತ್ತಾರೆ ಎಂದ. ಮನೆ ಮನೆಗೆ ಹೋದರೆ ಒಂದೂವರೆ ತಿಂಗಳು ಬೇಕು. ಹುದ್ದೆ ಕೈತಪ್ಪುತ್ತದೆ. ಹುದ್ದೆ ಸಿಕ್ಕ ಮೇಲೆ ಖಂಡಿತ ಹೋಗುತ್ತೇನೆ ಎಂದೂ ಸೇರಿಸಿದ.

"ನೀ ಹೇಳೂದ್ರಾಗ ತಪ್ಪಿಲ್ಲ," ಎಂದರು ಅಕ್ಕೋರು. "ಅಂದಾಜು ಕಟ್ಟೂದನ್ನ ನಾನ ಕಲಿಸೀನಿ."

ಅಮರೇಶನಿಗೆ ಹೋದ ಜೀವ ಬಂದಂತಾಯಿತು.

"ದುರುಗವ್ವ ಏನರ ಕೇಳಿದಳೇನು?"

"ಎರಡೂ ಬರಕೊಂಡಾರೇನಂತ ಕೇಳಿದಳ್ರಿ."

"ನೀ ಏನಂದಿ?"

ಅವನು ಕೊಡೆಯನ್ನು ಪಕ್ಕಕ್ಕಿಟ್ಟ.

"ಎರಡೂ ಅದಾವ ಅಂದೆ, ಅಕ್ಕೋರ."

ಅಕ್ಕೋರು ಎದ್ದು ಸೆರಗು ಕೊಡವಿಕೊಂಡರು.

"ಹಂಗಾದ್ರ ತಮ್ಮಾ, ಉಳಿದ ಎಂಬತ್ತಾರು ಮನಿಗೂ ಹೋಗಿ ಅಷ್ಟು ಹೇಳಿ ಬಾ."