ದುಗ್ಗಪ್ಪನಿಗೆ ದುಗ್ಗಪ್ಪನೇ ಧಣಿ

"ಮಹಾಸ್ವಾಮಿ, ಒಂದೇ ಒಂದು ಅಪ್ಪಣೆ ಬರೆಸಿ ಅರಮನೆಯ ಖರ್ಚನ್ನು ಅರ್ಧಕ್ಕೆ ಇಳಿಸಿದ್ದೇನೆ!" ಎಂದು ಬೊಕ್ಕಸದ ಅಧಿಕಾರಿ ತ್ರಿಯಂಬಕಯ್ಯ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಸಿರಿವಳ್ಳಿಯ ದೊರೆ ಬಲ್ಲರಾಯನಿಗೆ ಖರ್ಚಿನ ಮಾತೆಂದರೆ ಆಕಳಿಕೆ. "ಹೇಗಯ್ಯಾ?" ಎಂದ, ಅರ್ಧ ಕಣ್ಣು ಮುಚ್ಚಿಕೊಂಡೇ.

"ಅರಮನೆಯ ಓಲೆ ಹೊತ್ತು ಊರಿಂದೂರಿಗೆ ಓಡುತ್ತಾರಲ್ಲ, ಆ ಓಲೆಕಾರರನ್ನೆಲ್ಲ ಸ್ವಂತ ಕಸುಬಿನವರನ್ನಾಗಿ ಮಾಡಿಬಿಟ್ಟೆ. ಇನ್ನು ಅವರು ಯಾರ ಆಳೂ ಅಲ್ಲ. ಅವರಿಗೆ ಅವರೇ ಧಣಿ! ಹಾಗಾಗಿ ತಿಂಗಳ ರಾಗಿ ಇಲ್ಲ, ವರ್ಷದ ಕಂಬಳಿ ಇಲ್ಲ. ಓಲೆಗಿಷ್ಟು ಅಂತ ಕೂಲಿ. ಕಸುಬಿನ ತೆರಿಗೆಯನ್ನು ಅವರೇ ನಮಗೆ ಕಟ್ಟಬೇಕು."

ಸಭೆ ಭಲೇ ಎಂದಿತು. ಅವರ್ಯಾರ ರಾಗಿಯೂ ಕಡಿತವಾಗಿರಲಿಲ್ಲವಲ್ಲ.

ದೊರೆಗೆ ವೀಳ್ಯ ಮಡಿಸಿಕೊಡುವ ಸಂಕಣ್ಣ ಮಾತ್ರ ಕೇಳಿದ: "ಅಯ್ಯನವರೇ, ಧಣಿಗಳಾದ ಮೇಲೆ ಅವರು ಮನಸ್ಸು ಬಂದರೆ ಓಡಬಹುದು, ಬಾರದಿದ್ದರೆ ಮಲಗಬಹುದು, ಅಲ್ಲವೇ?"

"ಎಲ್ಲಾದರೂ ಉಂಟೇ! ಕೊಂಬು ಊದಿದ ಕೂಡಲೇ ಬರಬೇಕು. ಬೇರೆಯವರ ಓಲೆ ಮುಟ್ಟಕೂಡದು. ತಡ ಮಾಡಿದರೆ ಚಾಟಿ."

"ಭಾರೀ ಧಣಿತನ ಬಿಡಿ" ಎಂದು ಸಂಕಣ್ಣ ಎಲೆಗೆ ಸುಣ್ಣ ಹಚ್ಚಿದ.

ವರ್ಷ ಒಂದಾಯಿತು. ಓಲೆಕಾರರಲ್ಲಿ ದುಗ್ಗಪ್ಪ ಎಂಬವನಿದ್ದ. ಅವನು ಗೆಜ್ಜೆ ಕಟ್ಟಿದ ಭರ್ಜಿ ಹಿಡಿದು ಓಡಿದರೆ ಗಾಡಿಗಳು ಪಕ್ಕಕ್ಕೆ ಸರಿಯುತ್ತಿದ್ದವು, ದೋಣಿಯವನು ತುಂಬಿದ ದೋಣಿಯನ್ನೂ ತಿರುಗಿಸುತ್ತಿದ್ದ. ಈಗ ಗೆಜ್ಜೆ ಅದೇ, ಕಾಲೂ ಅದೇ, ಹೊಟ್ಟೆ ಮಾತ್ರ ಬೆನ್ನಿಗೆ ಅಂಟಿತ್ತು.

ಆಗ ನೆರೆಯ ಕೊಂಗಳದ ದೊರೆಯಿಂದ ಸುದ್ದಿ ಬಂತು: ಉದ್ದ ದಂತದ ಆನೆಯೊಂದಿದೆ, ದಶಮಿಯೊಳಗೆ ಒಪ್ಪಿಗೆಯ ಓಲೆ ಬಂದರೆ ಸಿರಿವಳ್ಳಿಗೇ ಕೊಡುತ್ತೇನೆ. ಬಲ್ಲರಾಯನಿಗೆ ಆನೆಯ ಹುಚ್ಚು. ಅಂದೇ ಓಲೆ ಬರೆಸಿ ದುಗ್ಗಪ್ಪನ ಕೈಗಿತ್ತ.

ಓಲೆ ತಲುಪಿದ್ದು ದ್ವಾದಶಿಗೆ. ಆನೆ ಅಷ್ಟರಲ್ಲಿ ಇನ್ನೊಬ್ಬ ದೊರೆಯ ಲಾಯ ಸೇರಿ ಕಬ್ಬು ತಿನ್ನುತ್ತಿತ್ತು.

ಮರಳಿ ಬಂದ ದುಗ್ಗಪ್ಪನನ್ನು ಸಭೆಯ ನಡುವೆ ನಿಲ್ಲಿಸಿದರು. ದೊರೆ ಸಿಟ್ಟಿನಿಂದ ನಡುಗುತ್ತಿದ್ದ. "ಯಾಕೋ ತಡ?"

ದುಗ್ಗಪ್ಪ ಬಾಯಿ ತೆರೆಯುವಷ್ಟರಲ್ಲಿ ತ್ರಿಯಂಬಕಯ್ಯ ಅಡ್ಡ ಬಂದ. "ಓಲೆಕಾರ ಸಭೆಯಲ್ಲಿ ಓಲೆ ಕೊಡಬೇಕೇ ಹೊರತು ಮಾತಾಡಕೂಡದು, ಮಹಾಸ್ವಾಮಿ. ನಿಮ್ಮ ತಾತನವರ ಕಾಲದ ಕಟ್ಟಳೆ. ಐವತ್ತು ಚಾಟಿಯೇಟು ಹಾಕಿಸಿ!"

ಹೊಟ್ಟೆಗಿಲ್ಲದೆ ಬಡಕಲಾದ ಮೈಗೆ ಐವತ್ತು ಏಟು ಎಂದರೆ ಚಟ್ಟ ಕಟ್ಟಿದ ಹಾಗೆಯೇ.

ಸಂಕಣ್ಣ ವೀಳ್ಯದ ತಟ್ಟೆ ಕೆಳಗಿಟ್ಟ. "ಹಾಕಿಸಲೇಬೇಕು ಪ್ರಭು. ಒಂದು ಸಣ್ಣ ಅನುಮಾನ ಅಷ್ಟೆ. ಅರಮನೆಯ ಚಾಟಿ ಅರಮನೆಯ ಆಳಿಗೆ. ಅಯ್ಯನವರೇ, ಇವನು ಅರಮನೆಯ ಆಳೋ, ಸ್ವಂತ ಕಸುಬಿನವನೋ?"

"ಆಳೇ!" ಎಂದ ತ್ರಿಯಂಬಕಯ್ಯ ಥಟ್ಟನೆ.

"ಸಂತೋಷ. ಹಾಗಾದರೆ ಮೊದಲು ವರ್ಷದ ರಾಗಿ ಅಳೆಸಿ, ಇಸಕೊಂಡ ತೆರಿಗೆ ವಾಪಸು ಕೊಡಿ. ಆಮೇಲೆ ಚಾಟಿ."

ತ್ರಿಯಂಬಕಯ್ಯ ಎರಡೂ ಕೈ ಅಡ್ಡ ಆಡಿಸಿದ. "ಅಲ್ಲ ಅಲ್ಲ! ಬಾಯಿ ತಪ್ಪಿ ಅಂದೆ. ಸ್ವಂತ ಕಸುಬಿನವನು. ಅವನಿಗೆ ಅವನೇ ಧಣಿ. ಅಪ್ಪಣೆಯಲ್ಲೇ ಬರೆದಿದೆ!"

"ಹಾಗಾದರೆ ಶಿಕ್ಷೆ ಕೊಡಬೇಕಾದವನೂ ಅವನ ಧಣಿಯೇ. ಆ ಚಾಟಿ ಇತ್ತ ಕೊಡಿ" ಎಂದು ಸಂಕಣ್ಣ ಕಾವಲಿನವನಿಂದ ಚಾಟಿ ಇಸಕೊಂಡು ದುಗ್ಗಪ್ಪನ ಕೈಯಲ್ಲೇ ಇಟ್ಟ. "ದುಗ್ಗಪ್ಪನವರೇ, ನಿಮ್ಮ ಆಳು ದುಗ್ಗ ಓಲೆ ತಡ ಮಾಡಿದ್ದಾನೆ. ವಿಚಾರಿಸಿ ಶಿಕ್ಷೆ ಕೊಡಿ."

"ಓಲೆಕಾರ ಮಾತಾಡಕೂಡದು!" ತ್ರಿಯಂಬಕಯ್ಯ ಕೂಗಿದ.

"ಓಲೆಕಾರ ಮಾತಾಡಕೂಡದು, ನಿಜ. ಧಣಿ ತನ್ನ ಆಳನ್ನು ಕೇಳಬಾರದು ಅಂತ ಯಾವ ಕಟ್ಟಳೆಯಲ್ಲಿದೆ?"

ದೊರೆಗೆ ಕುತೂಹಲ ಹುಟ್ಟಿತು. "ನಡೆಯಲಿ" ಎಂದ.

ದುಗ್ಗಪ್ಪ ಪೆದ್ದನಲ್ಲ. ಮುಂಡಾಸು ಸರಿಮಾಡಿಕೊಂಡು ಎದೆಯುಬ್ಬಿಸಿ ಗುಡುಗಿದ: "ಲೋ ದುಗ್ಗ! ಯಾಕ್ಲಾ ತಡ?"

ಒಂದು ಹೆಜ್ಜೆ ಆಚೆ ಹಾರಿ, ಮುಂಡಾಸು ತೆಗೆದು ಕೈಮುಗಿದ: "ತಪ್ಪಾಯ್ತು ಬುದ್ಧಿ. ಸುಂಕದ ಕಟ್ಟೇಲಿ ನಿಲ್ಲಿಸ್ಬುಟ್ರು."

ಮತ್ತೆ ಈಚೆ ಹಾರಿದ. "ದೊರೆ ಓಲೇನ ತಡೆಯೋ ಗಂಡು ಯಾರ್ಲಾ?"

"ಕಟ್ಟೆಯವರು ಬುದ್ಧಿ. 'ನೀನು ಅರಮನೆಯವನಲ್ಲ, ಕಸುಬಿನವನು; ಉಪ್ಪಿನ ಗಾಡಿಗಳ ಹಿಂದೆ ನಿಂತ್ಕೋ, ಸುಂಕ ಕಟ್ಟಿ ಹೋಗು' ಅಂದ್ರು. ಮೂರು ದಿನ ನಿಂತೆ. ಕೈಲಿ ಕಾಸಿರ್ಲಿಲ್ಲ. ಕೊನೆಗೆ ಕಂಬಳಿ ಬಿಚ್ಚಿ ಕೊಟ್ಟೆ, ಬುಟ್ರು."

"ಹಂಗಂತ ಕಟ್ಟು ಮಾಡಿದ್ದು ಯಾರು?"

"ತ್ರಿಯಂಬಕಯ್ಯನೋರು, ಬುದ್ಧಿ."

ದುಗ್ಗಪ್ಪ ಚಾಟಿ ಎತ್ತಿದ, ತನ್ನ ಎಲುಬೆದ್ದ ಬೆನ್ನನ್ನು ಒಮ್ಮೆ ತಡವಿ ನೋಡಿಕೊಂಡ, ಕೆಳಗಿಳಿಸಿದ. "ನಮ್ಮ ಆಳಿನ ತಪ್ಪಿಲ್ಲ. ಬುಟ್ಟಿದೀನಿ."

ಸಭೆ ಬಿದ್ದು ಬಿದ್ದು ನಕ್ಕಿತು. ದೊರೆಯೂ ನಕ್ಕ, ನಗುತ್ತಲೇ ಆನೆಯ ನೆನಪಾಗಿ ಕೆಂಡವಾದ. "ಅಂದರೆ ನನ್ನ ಆನೆ ನಿನ್ನ ಸುಂಕದ ಕಟ್ಟೆಯಲ್ಲಿ ಹೋಯಿತೇನಯ್ಯಾ?"

ತ್ರಿಯಂಬಕಯ್ಯ ತೊದಲಿದ. ದೊರೆ ಪೂರಾ ಕೇಳಲಿಲ್ಲ.

"ಓಲೆಕಾರರೆಲ್ಲ ಈ ಗಳಿಗೆಯಿಂದ ಅರಮನೆಯವರು. ಕಿತ್ತುಕೊಂಡದ್ದೆಲ್ಲ ಅವರಿಗೆ ಹಿಂದಕ್ಕೆ ಸಲ್ಲಬೇಕು. ದುಗ್ಗಪ್ಪನ ರಾಗಿ ಮೂಟೆಯನ್ನು ನೀನೇ ಹೊತ್ತು ಅವನ ಮನೆ ಮುಟ್ಟಿಸು."

ದುಗ್ಗಪ್ಪನ ಮನೆ ಸುಂಕದ ಕಟ್ಟೆಯಿಂದ ಆಚೆ, ಎರಡು ಹರದಾರಿ. ಮೂಟೆ ಬೆನ್ನೇರಿದ್ದೇ ತ್ರಿಯಂಬಕಯ್ಯನ ಮೀಸೆ ಜೋತುಬಿತ್ತು. "ಮಹಾಸ್ವಾಮಿ, ನಾನು ಅಧಿಕಾರಿ. ಮೂಟೆ ಹೊರುವುದಕ್ಕೆ ನಾನೇನು ಆಳೇ?"

ದೊರೆ ಸಂಕಣ್ಣನ ಕಡೆ ನೋಡಿದ.

ಸಂಕಣ್ಣ ವೀಳ್ಯ ಮಡಿಸುತ್ತ ಹೇಳಿದ: "ಗಾಬರಿ ಬೇಡ ಅಯ್ಯನವರೇ, ಎಲ್ಲ ನಿಮ್ಮ ಅಪ್ಪಣೆಯಂತೆಯೇ. ಮೂಟೆ ಹೊರುವಷ್ಟು ಹೊತ್ತು ನೀವು ಅರಮನೆಯ ಆಳು. ಸುಂಕದ ಕಟ್ಟೆ ಬಂದಾಗ ಮಾತ್ರ ಸ್ವಂತ ಕಸುಬಿನವರು."