ಹುಸಿಗಾರೆಯ ದಿಡ್ಡಿ

ಹುಸಿಗಾರೆ ಎಂಬ ಊರಿಗೆ ಹೋದವರಿಗೆ ಮೊದಲು ಕಾಣುವುದು ದಿಬ್ಬದ ಮೇಲಿನ ಪಾಳುಕೋಟೆ. ಬುರುಜುಗಳ ಮೇಲೆ ಮುಳ್ಳುಕಂಟಿ ಬೆಳೆದಿದೆ, ಹೆಬ್ಬಾಗಿಲು ಕುಸಿದು ಕುರಿಗಳಿಗೆ ದಾರಿಯಾಗಿದೆ. ಕೋಟೆಗೆ ಏನೋ ಘನವಾದ ಹೆಸರಿತ್ತಂತೆ. ಕಟ್ಟಿಸಿದ ನಾಯಕರ ಹೆಸರೇ ಮರೆತುಹೋಗಿರುವಾಗ ಅದು ಯಾರಿಗೆ ನೆನಪಿರಬೇಕು? ಕೆಳಗಿನ ಊರಿನ ಹೆಸರು ಮಾತ್ರ ಸುಣ್ಣ ಸುಡುವ ತಂಗೆವ್ವನಿಂದ ಬಂದದ್ದು ಎನ್ನುತ್ತಾರೆ.

ಹಿಂದೆ ಒಮ್ಮೆ ವೈರಿಗಳ ದಂಡು ಎರಡು ಹರದಾರಿ ದೂರದಲ್ಲಿದೆ ಎಂಬ ಸುದ್ದಿ ನಡುಮಧ್ಯಾಹ್ನ ಬಂತು. ಕೋಟೆಯ ಹಿಂಬದಿಯ ಸಣ್ಣ ಬಾಗಿಲಾದ ದಿಡ್ಡಿಯನ್ನು ಕಲ್ಲು ಗಾರೆಯಿಂದ ಮುಚ್ಚಿಬಿಡಿ ಎಂದು ದಳವಾಯಿ ಬಸಲಿಂಗನಾಯಕ ಅಪ್ಪಣೆ ಮಾಡಿದ. ಗಾರೆ ಕಲಸಬೇಕಾದವಳು ತಂಗೆವ್ವ. ಅವಳ ಮಗಳು ನೀಲವ್ವ ಬೆಳಿಗ್ಗೆಯೇ ಇಪ್ಪತ್ತು ಹೆಂಗಸರೊಂದಿಗೆ ಸುಣ್ಣದ ಕಲ್ಲು ತರಲು ಗುಡ್ಡಕ್ಕೆ ಹೋಗಿದ್ದಳು. ಗುಡ್ಡದ ದಾರಿ ಬಂದು ಸೇರುವುದು ಆ ದಿಡ್ಡಿಗೇ.

“ಹೊರಗ ನಮ್ಮ ಹೆಣ್ಮಕ್ಕಳು ಅದಾರ್ರಿ ಧಣಿ. ಒಂದೀಟು ತಡೀರಿ.”

“ಇಪ್ಪತ್ತು ಮಂದಿ ಸಲುವಾಗಿ ಎರಡು ಸಾವಿರ ಮಂದಿ ಸಾಯಬೇಕೇನು? ಕಲಸು,” ಎಂದ ದಳವಾಯಿ.

ಅವನ ಮಾತು ಸುಳ್ಳಲ್ಲ. ಅದಕ್ಕೇ ಅವಳು ಮತ್ತೆ ಬೇಡಿಕೊಳ್ಳದೆ ಸುಣ್ಣದ ಗುಂಡಿಯತ್ತ ನಡೆದಳು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಮುಳುಗಿಸಿಡಬೇಕು. ಗಾಳಿಗೆ ಬಿಟ್ಟರೆ ಅದು ಸಾಯುತ್ತದೆ, ಮತ್ತೆ ಕಲ್ಲು ಹಿಡಿಯುವುದಿಲ್ಲ. ನೋಡಲು ಮಾತ್ರ ಎರಡೂ ಬೆಳ್ಳಗೆ. ತಂಗೆವ್ವ ನೀರಿನ ಗುಂಡಿಯನ್ನು ಬಿಟ್ಟು, ಮೂಲೆಯಲ್ಲಿ ಎಸೆದಿದ್ದ ಸತ್ತ ಸುಣ್ಣವನ್ನೇ ಕಲಸಿದಳು. ಗೋಡೆ ಎದ್ದಿತು. ಗಟ್ಟಿಯಿದೆಯೇ ನೋಡೋಣವೆಂದು ದಳವಾಯಿ ಒದೆಯಲು ಕಾಲೆತ್ತಿದಾಗ ಅವಳು ಅಡ್ಡ ಬಂದಳು.

“ಹಸಿ ಗಾರಿ ಐತ್ರಿ. ಈಗ ಒದ್ದರ ಬಿರುಕು ಬಿಡತೈತಿ.”

ಅವನು ಕಾಲಿಳಿಸಿ, ಕಾವಲಿನವರನ್ನೆಲ್ಲ ಹೆಬ್ಬಾಗಿಲಿಗೆ ಕರೆದೊಯ್ದ.

ಹೊತ್ತು ಇಳಿಯುವಾಗ ಗೋಡೆಯಾಚೆ ಮಗಳ ದನಿ ಕೇಳಿತು. ಒಳಗಿಂದ ತಾಯಿ, ಹೊರಗಿಂದ ಹೆಂಗಸರು, ಬರಿಗೈಯಲ್ಲಿ ಕಲ್ಲು ಕಿತ್ತರು. ಕೊನೆಯವಳು ನುಸುಳುವಷ್ಟರಲ್ಲಿ ಕುದುರೆಗಳ ಧೂಳು ಗುಡ್ಡದ ಬುಡದಲ್ಲಿತ್ತು. ಕಿತ್ತ ಕಲ್ಲನ್ನು ಅದೇ ಗಾರೆ ಮೆತ್ತಿ ತಿರುಗಿ ಜೋಡಿಸಿದರು. ಬೇರೆ ಕಲಸಲು ಹೊತ್ತೆಲ್ಲಿತ್ತು? ವೈರಿಗಳು ಗೋಡೆಯ ಆಚೆಗೇ ಡೇರೆ ಹೊಡೆದರು. ಇನ್ನು ಕಲ್ಲು ಅಲುಗಿಸಿದರೆ ಅವರಿಗೆ ಕೇಳುತ್ತದೆ. ಎಂಟು ದಿನ ತಂಗೆವ್ವ ಅಲ್ಲೇ ಕುಳಿತು ಅವರ ಕೆಮ್ಮು, ನಗು ಎಲ್ಲ ಕೇಳಿಸಿಕೊಂಡಳು. ದಣಿದ ಒಬ್ಬ ಸಿಪಾಯಿ ಗೋಡೆಗೆ ಬೆನ್ನು ಕೊಟ್ಟು ಒರಗಿದ್ದರೂ ಸಾಕಿತ್ತು, ಉರುಳುತ್ತಿತ್ತು. ಒಂಬತ್ತನೆಯ ದಿನ ದಂಡು ಹೆಬ್ಬಾಗಿಲು ಮುರಿಯಲಾಗದೆ ಹಿಂದಿರುಗಿತು.

ಆಗ ಅವಳು ತಾನಾಗಿ ಹೋಗಿ ಹೇಳಿಕೊಂಡಳು. ದಳವಾಯಿ ಗಾರೆಯನ್ನು ಉಗುರಿನಿಂದ ಕೆರೆದ, ಹಿಟ್ಟಿನಂತೆ ಉದುರಿತು. ಉದುರಿದ ಪುಡಿಯನ್ನು ಅವನು ಅಂಗೈಯಲ್ಲಿ ಅವಳ ಮುಂದೆ ಹಿಡಿದ.

“ಎರಡು ಸಾವಿರ ಜೀವ ಇದರ ಮ್ಯಾಲ ಇಟ್ಟಿದ್ದಿಯೇನು ನೀನು?”

“ಹೌದ್ರಿ.”

ಕೋಟೆ ಬಿಟ್ಟು ಹೋಗು ಎಂದ. ಅವಳು ಹೊರಟಳು. ನೀಲವ್ವನೂ ಆ ಇಪ್ಪತ್ತು ಹೆಂಗಸರೂ ಮಕ್ಕಳುಮರಿ ಕಟ್ಟಿಕೊಂಡು ಅವಳ ಹಿಂದೆಯೇ ಇಳಿದು ದಿಬ್ಬದ ಕೆಳಗೆ ಗುಡಿಸಲು ಹಾಕಿದರು. ಕೋಟೆಯವರು ಹಂಗಿಸಿ ಇಟ್ಟ ಹೆಸರನ್ನೇ ಅವರು ಊರಿಗೆ ಉಳಿಸಿಕೊಂಡರು.

ದಿಡ್ಡಿ ಮುಚ್ಚಿದ ಆ ಗೋಡೆ ಇಂದಿಗೂ ನಿಂತಿದೆ. ನೋಡಲು ಬಂದವರು ಫೋಟೋಕ್ಕೆಂದು ಅದರ ಹತ್ತಿರ ಹೋದರೆ, ಊರಿನ ಹೆಂಗಸರು ಯಾರಾದರೂ ಹೊಲದಿಂದಲೇ ಕೂಗಿ ಹೇಳುತ್ತಾರೆ: “ಒರಗಬ್ಯಾಡ್ರಿ.”