ಅಕ್ಕ ಕಳಿಸಿದ ಆಟ

ಹೊಳೆಯ ದಂಡೆಗೆ ಒಂದು ಆಶ್ರಮ. ಅಲ್ಲಿ ನೀಲವ್ವ ಅನ್ನುವ ಗುರುತಾಯಿ. ಆಕೆಯ ಹತ್ತಿರ ಅಡಿವೆಪ್ಪ ಅನ್ನುವ ಶಿಷ್ಯ.

ಆಶ್ರಮದ ಹಳೇ ಕಂಪ್ಯೂಟರು ಅವನ ಸುಪರ್ದಿಗೆ. ಯಾರೋ ಭಕ್ತರು ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿ ಕೊಟ್ಟು ಹೋಗಿದ್ದರು.

ಅಡಿವೆಪ್ಪ ಮನೆ ಬಿಟ್ಟು ಬಂದ ದಿನದಿಂದ ಅವನ ಅಕ್ಕ ಶಾವಂತ್ರಿ ಮಾತು ಬಿಟ್ಟಿದ್ದಳು. ಹಬ್ಬಕ್ಕೂ ಇಲ್ಲ, ಹುಣ್ಣಿಮೆಗೂ ಇಲ್ಲ. ಅಂಥವಳು ಈಗ ಊರಿನ ಗೂಳಪ್ಪ ಕಾಕಾನ ಕೈಯಲ್ಲಿ ಒಂದು ಪೆನ್‌ಡ್ರೈವ್ ಕಳಿಸಿದ್ದಳು. ಒಳಗೊಂದು ಆಟ. ಕಲ್ಲಿಂದ ಕಲ್ಲಿಗೆ ಹಾರುತ್ತ, ಮುಳ್ಳಿನ ಹೊಂಡ ದಾಟುತ್ತ ಹೋಗುವ ಆಟ.

"ನಾ ಒಬ್ಬಾಕೀನ ಕುಂತು ಮಾಡೇನಿ, ಆಡಿ ಹೆಂಗೈತಿ ಹೇಳು ಅಂದಾಳಪಾ," ಅಂದ ಗೂಳಪ್ಪ ಕಾಕಾ. "ಸಂಜಿ ಬಸ್ಸಿಗೆ ಹೊಂಟೇನಿ. ಅಷ್ಟರಾಗ ಉತ್ತರ ಹೇಳಿ ಕಳಸು."

ಅಡಿವೆಪ್ಪ ಆಟ ತೆರೆಯಲು ಹೋದ. ಕಂಪ್ಯೂಟರು ಏನೋ ಬರೆಯಿತು. ಓದದೆ ಮುಚ್ಚಿದ. ಮತ್ತೆ ತೆರೆದ, ಮತ್ತೆ ಮುಚ್ಚಿದ.

"ಏನಂತೈತೋ ತಮ್ಮಾ ಅದು?" ಬಾಗಿಲಲ್ಲಿ ನೀಲವ್ವ ನಿಂತಿದ್ದಳು.

"ಆಗಂಗಿಲ್ಲ ಅಂತೈತ್ರೀ ಅವ್ವಾರ."

"ಆಗಂಗಿಲ್ಲ ಅನ್ನಾಕ ಅಷ್ಟುದ್ದ ಬರೀತೈತೇನು?"

ಅಡಿವೆಪ್ಪ ನಾಚಿಕೊಂಡು ಓದಿದ. "ಆಟಕ್ಕ ಓಡಾಕ ಅನುಮತಿ ಇಲ್ಲ ಅಂತ ಬರದೈತ್ರೀ. ನಾ ಪಾಸ್‌ವರ್ಡ್ ಹಾಕಿ, ಕಂಪ್ಯೂಟರಿನ ಯಜಮಾನನ ಹೆಸರಿಲೆ ಜೋರ ಮಾಡಿ ಹುಕುಂ ಕೊಟ್ಟೆ. ಅಂಥಾ ಹುಕುಂ ಇಲ್ಲೇ ಇಲ್ಲ ಅಂತು."

"ಹುಕುಂ ಕೊಟ್ಟಿ, ಖರೆ. ಅನುಮತಿ ಕೊಟ್ಟಿಯೇನು?"

ಅಡಿವೆಪ್ಪ ಪರದೆಯ ಸಾಲನ್ನು ಮತ್ತೊಮ್ಮೆ ಓದಿದ.

"ಆಟ ಈಗ ಎಲ್ಲೈತಿ?"

"ಪೆನ್‌ಡ್ರೈವ್‌ನಾಗ ಐತ್ರಿ."

"ಶಾಣ್ಯಾ ಇದ್ದಿ ಬಿಡು. ಮನೀಗೆ ಬಂದಾಕೀನ ಹೊಸ್ತಿಲದಾಗ ನಿಲ್ಲಿಸಿ ಕುಣಿ ಅಂತೀಯಲ್ಲೋ! ಮೊದಲ ಒಳಗ ಕರಿ."

ಅಡಿವೆಪ್ಪ ಆಟವನ್ನು ಪೆನ್‌ಡ್ರೈವ್‌ನಿಂದ ಕಂಪ್ಯೂಟರಿನೊಳಗೆ ತಂದಿಟ್ಟ. ಇನ್ನು ನೀನು ಓಡಬಹುದು ಅಂತ ಒಂದು ಸಾಲು ಬರೆದು ಅನುಮತಿ ಕೊಟ್ಟ. ಒತ್ತಿದ.

ಪರದೆ ಕಪ್ಪಾಯಿತು. ಆಮೇಲೆ, ಮೆಲ್ಲಗೆ, ಬೆಳಗಾಯಿತು.

ಕಲ್ಲುಗುಡ್ಡ. ಗಾಳಿಗೆ ಬಳುಕುವ ಹುಲ್ಲು. ಎಲ್ಲೋ ನೀರು ಜಿನುಗುವ ಸದ್ದು. ಗುಡ್ಡದ ಬುಡದಲ್ಲಿ ಎರಡು ಜಡೆಯ ಪುಟ್ಟ ಹುಡುಗಿ, ಲಂಗ ಎತ್ತಿ ಕಟ್ಟಿಕೊಂಡು ನಿಂತಿದ್ದಾಳೆ.

ಅಡಿವೆಪ್ಪನಿಗೆ ಉಸಿರೇ ಹೊರಡಲಿಲ್ಲ. ಒಂದೊಂದು ಹುಲ್ಲಿನ ಎಸಳನ್ನೂ ಅಕ್ಕ ಒಬ್ಬಳೇ ಕೂತು ಬಿಡಿಸಿದ್ದಾಳೆ. ಆ ಗಾಳಿಯನ್ನೂ ಅವಳೇ ಬೀಸಿದ್ದಾಳೆ.

ಗುಂಡಿ ಒತ್ತಿದ. ಹುಡುಗಿ ಹಾರಿದಳು, ಮುಳ್ಳಿಗೆ ಬಿದ್ದಳು. ಎದ್ದಳು. ಹಾರಿದಳು, ಬಿದ್ದಳು. ಬಿಸಿಲು ಕಿಟಕಿಯಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಸರಿಯಿತು. ಮೊದಲ ಹೊಂಡವನ್ನೇ ದಾಟಲಿಲ್ಲ.

"ಸಿಟ್ಟು ಇಳದಿಲ್ರೀ ಅವ್ವಾರ ಆಕೀದು," ಅಂದ. "ನಾ ಬೀಳ್ಲಿ ಅಂತನ ಮುಳ್ಳು ನೆಟ್ಟು ಕಳಿಸ್ಯಾಳ. ಭಾಳ ಛಲೋ ಐತಿ ಅಂತ ಸುಮ್ನ ಹೇಳಿ ಕಳಿಸಿಬಿಡ್ಲೇನ್ರಿ?"

ನೀಲವ್ವ ಬಂದು ಪಕ್ಕದಲ್ಲಿ ಕೂತಳು. ಆ ಪುಟ್ಟ ಹುಡುಗಿಯನ್ನೇ ನೋಡಿದಳು.

"ಬಿದ್ದ ಮ್ಯಾಲೆ ಈ ಕೂಸು ಎಲ್ಲಿ ಏಳತೈತಿ?"

"ಹೊಂಡದ ದಂಡಿಗೇ ಏಳತೈತ್ರಿ."

"ಗುಡ್ಡದ ಬುಡಕ್ಕ ಅಟ್ಟಂಗಿಲ್ಲ?"

"ಇಲ್ರಿ."

"ಹೊಂಡದ ಅಗಲ ಯಾರು ಗೊತ್ತು ಮಾಡಿದ್ದು?"

"ನಮ್ಮಕ್ಕನ್ರೀ."

"ಇಷ್ಟಗಲ ಇದ್ದರ ದಾಟಾಕ ಬರತೈತಿ ಅಂತ ಆಕೀಗೆ ಹೆಂಗ ಗೊತ್ತಾತು?"

ಅಡಿವೆಪ್ಪನ ಬೆರಳು ಗುಂಡಿಯ ಮೇಲೇ ನಿಂತಿತು.

ಅಕ್ಕ ಹಾರಿರಬೇಕು. ಬಿದ್ದಿರಬೇಕು. ಕಲ್ಲನ್ನು ಒಂದೆಳೆ ಈಚೆ ಸರಿಸಿ ಮತ್ತೆ ಹಾರಿರಬೇಕು. ಅವನು ಆ ಹೊಂಡವನ್ನು ಈಗಷ್ಟೇ ಕಂಡವನ ಹಾಗೆ ನೋಡಿದ.

"ಅವ್ವಾರ," ಅಂದ, ಪಿಸುಮಾತಿನಲ್ಲಿ, "ಎಷ್ಟ ಸಲ ಬಿದ್ದಿರಬೇಕ್ರೀ ಆಕಿ ಇದರಾಗ?"

ಅಡಿವೆಪ್ಪ ಕಣ್ಣೊರೆಸಿಕೊಂಡು ಮತ್ತೆ ಹಾರಿಸಿದ.

ಅಂಗಳದಲ್ಲಿ ಗೂಳಪ್ಪ ಕಾಕಾ ಚಪ್ಪಲಿ ಮೆಟ್ಟಿಕೊಂಡು ಕೂಗಿದ. "ಬಸ್ ಬರೂ ಹೊತ್ತಾತು! ಏನ ಹೇಳ್ಲಿ ಶಾವಂತ್ರಿಗೆ?"

ಅಡಿವೆಪ್ಪನಿಗೆ ಅದು ಕೇಳಿಸಲೇ ಇಲ್ಲ.

ನೀಲವ್ವ ಕಿಟಕಿಗೆ ಬಂದಳು.

"ಇನ್ನೂ ಬೀಳಾಕತ್ತಾನ ಅಂತ ಹೇಳ್ರಿ."